ಹೊರಡುವ ಮುನ್ನ ಕಟ್ಟಿದ ಬುತ್ತಿ

ಹೊಸದುರ್ಗದಿಂದಲೋ ಹೊಳಲ್ಕೆರೆಯಿಂದಲೋ ಚಿತ್ರದುರ್ಗದ ಕಾಲೇಜಿಗೆ ಹೊರಡುವ ಹುಡುಗನ ಚೀಲದಲ್ಲಿ ತಾಯಿ ಇಡಬೇಕಾದುದನ್ನೆಲ್ಲ ಬಸ್ಸು ಬರುವುದಕ್ಕೆ ಮೊದಲೇ ಇಟ್ಟಿರಬೇಕು. ಬುತ್ತಿ, ಇಳಿದುಕೊಳ್ಳುವ ಮನೆಯ ವಿಳಾಸ, ಕೈಖರ್ಚಿನ ಹಣ—ಇವುಗಳಲ್ಲಿ ಒಂದನ್ನು ಮರೆತು, ಬಸ್ಸು ಊರು ದಾಟಿದ ಮೇಲೆ ನೆನೆದುಕೊಂಡರೆ ಪ್ರಯೋಜನವಿಲ್ಲ. ಗಣಕಯಂತ್ರದೊಳಗೂ ಇಂಥದೇ ಏರ್ಪಾಡೊಂದು ಉಂಟೆಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಅಕ್ಷರಗಳಲ್ಲಿ ಟೈಪು ಮಾಡಿ ಕೆಲಸ ತೆಗೆದುಕೊಳ್ಳುವ ಕ್ರಮವೊಂದುಂಟು. ಆ ಅಪ್ಪಣೆಯನ್ನು ಓದಿ, ತಕ್ಕ ಪ್ರೋಗ್ರಾಮನ್ನು ಹುಡುಕಿ ನಡೆಸುವ ಮಧ್ಯಸ್ಥನಿಗೆ ‘ಶೆಲ್’ ಎಂದು ಹೆಸರು. ಒಳತಿರುಳನ್ನು ಚಿಪ್ಪಿನಂತೆ ಸುತ್ತಿಕೊಂಡಿರುವುದರಿಂದ ಆ ಹೆಸರು ಬಂದಿತು. ಶೆಲ್ ಕೆಲಸಕ್ಕೆ ತೊಡಗುವ ಮುನ್ನವೇ, ಅದನ್ನು ಹುಟ್ಟಿಸುವ ಪ್ರೋಗ್ರಾಮು ಅದರ ಕೈಗೆ ಒಂದು ಗಂಟನ್ನು ಕೊಡುತ್ತದೆ. ಗಂಟಿನಲ್ಲಿರುವುದು ಹೆಸರು ಮತ್ತು ಅದರ ಬೆಲೆ, ಹೀಗೆ ಜೋಡಿ ಜೋಡಿಯಾದ ಚೀಟಿಗಳು. ಇವುಗಳೇ ‘ಎನ್ವಿರಾನ್‌ಮೆಂಟ್ ವೇರಿಯಬಲ್’ಗಳು. ಅಮೆರಿಕದ ಬೆಲ್ ಪ್ರಯೋಗಾಲಯದವರು 1979ರಲ್ಲಿ ಹೊರತಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಈ ಪದ್ಧತಿ ಬಳಕೆಗೆ ಬಂದಿತು.

‘ಪಾತ್’ ಎಂಬ ಚೀಟಿ, ಪ್ರೋಗ್ರಾಮುಗಳನ್ನು ಯಾವ ಯಾವ ಕಡೆ ಹುಡುಕಬೇಕೆಂದು ತಿಳಿಸುತ್ತದೆ. ‘ಹೋಮ್’ ಎಂಬುದು ಬಳಸುವವರ ಸ್ವಂತ ಕಡತಗಳ ನೆಲೆಯನ್ನು ಹೇಳುತ್ತದೆ. ‘ಲ್ಯಾಂಗ್’ ಎಂಬುದು ಭಾಷೆಯನ್ನು ತಿಳಿಸುವ ಚೀಟಿ. ಲಿನಕ್ಸ್ ಯಂತ್ರದಲ್ಲಿ ಕನ್ನಡದ ವ್ಯವಸ್ಥೆಯನ್ನು ಅಳವಡಿಸಿ, ಈ ಚೀಟಿಯಲ್ಲಿ ಕನ್ನಡ ಮತ್ತು ಭಾರತ ಎಂಬ ಸಂಕೇತವನ್ನು ಬರೆದರೆ, ದಿನಾಂಕ ತಿಳಿಸುವ ಪ್ರೋಗ್ರಾಮು ವಾರ, ತಿಂಗಳುಗಳ ಹೆಸರನ್ನು ಕನ್ನಡದಲ್ಲಿಯೇ ಕೊಡುತ್ತದೆ. ಹಿರಿಯೂರಿನ ಗೃಹಸ್ಥನೊಬ್ಬ ತನ್ನ ಯಂತ್ರದಿಂದ ಕನ್ನಡದ ಉತ್ತರ ಪಡೆಯುವುದು ಈ ಒಂದು ಚೀಟಿಯ ಬಲದಿಂದ.

ಈ ಗಂಟಿಗೆ ಒಂದು ಕಟ್ಟಳೆಯುಂಟು. ಶೆಲ್ಲಿಗೆ ದೊರೆಯುವುದು ಮೂಲ ಗಂಟಿನ ನಕಲು ಮಾತ್ರ. ತನ್ನ ನಕಲನ್ನು ಅದು ತಿದ್ದಬಹುದು, ತಾನು ಹುಟ್ಟಿಸುವ ಪ್ರೋಗ್ರಾಮುಗಳಿಗೆ ಹಂಚಬಹುದು. ಆದರೆ ತಾಯಿಯ ಗಂಟನ್ನು ಮುಟ್ಟಲಾರದು. ತಾಯಿ ಆಮೇಲೆ ಮಾಡಿದ ಬದಲಾವಣೆಯೂ ಹೊರಟುಹೋದ ಮಗನನ್ನು ಮುಟ್ಟುವುದಿಲ್ಲ. ಆದುದರಿಂದಲೇ ಎಲ್ಲ ಪ್ರೋಗ್ರಾಮುಗಳಿಗೂ ಬೇಕಾದ ಬೆಲೆಯನ್ನು ಶೆಲ್ ಹುಟ್ಟುವ ಮೊದಲೇ ನಿಗದಿಪಡಿಸುವುದು ಲೇಸು. ಅನೇಕ ಲಿನಕ್ಸ್ ಯಂತ್ರಗಳಲ್ಲಿ ‘ಎಟ್ಸಿ’ ಕೋಶದ ‘ಎನ್ವಿರಾನ್‌ಮೆಂಟ್’ ಎಂಬ ಕಡತ ಇದಕ್ಕಾಗಿಯೇ ಇದೆ. ಅದನ್ನು ತಿದ್ದಿದವರು ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಿದರೆ ಮಾತ್ರ ಹೊಸ ಬೆಲೆ ಜಾರಿಗೆ ಬರುತ್ತದೆ.

ಗಂಟನ್ನು ಕಟ್ಟುವವರು ನಂಬಿಕಸ್ಥರಾಗಿದ್ದರೆ ಚಿಂತೆಯಿಲ್ಲ. ಪರರು ಅದರಲ್ಲಿ ಕೈಯಿಟ್ಟರೆ ಏನಾದೀತೆಂಬುದಕ್ಕೆ 2014ರ ಸೆಪ್ಟೆಂಬರ್ ಸಾಕ್ಷಿ. ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ಸಣ್ಣ ಕಿಂಡಿಯೊಂದರಿಂದ ನುಸುಳಿದರೆಂದೂ, ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಅವರನ್ನು ಸದೆಬಡಿದಳೆಂದೂ ನಾಡಿನ ಮಕ್ಕಳೆಲ್ಲ ಬಲ್ಲರು. ‘ಬ್ಯಾಷ್’ ಎಂಬ ಜನಪ್ರಿಯ ಶೆಲ್ಲಿನಲ್ಲಿಯೂ ಅಂಥ ಕಿಂಡಿಯೊಂದು ಸುಮಾರು 25 ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಗಂಟಿನ ಚೀಟಿಯೊಂದರಲ್ಲಿ ಒಂದು ವಿಶೇಷ ಕ್ರಮದ ಬರಹವಿದ್ದರೆ ಬ್ಯಾಷ್ ಅದನ್ನು ಕಾರ್ಯಸೂಚಿಯೆಂದು ಓದಿಕೊಳ್ಳುತ್ತಿತ್ತು. ಆ ಸೂಚಿ ಮುಗಿದಲ್ಲಿ ನಿಲ್ಲದೆ, ಬಾಲದಂತೆ ಅಂಟಿದ್ದ ಅಪ್ಪಣೆಯನ್ನೂ ತಾನು ಏಳುವಾಗಲೇ ನಡೆಸಿಬಿಡುತ್ತಿತ್ತು. ಅಂತರಜಾಲದ ಅನೇಕ ಸರ್ವರುಗಳು ಸಂದರ್ಶಕರು ಕಳುಹಿಸಿದ ಮಾತುಗಳನ್ನೇ ಚೀಟಿಗಳಲ್ಲಿ ಬರೆದು ಗಂಟಿಗೆ ಸೇರಿಸುತ್ತಿದ್ದುದರಿಂದ, ದೂರದಲ್ಲಿ ಕುಳಿತ ದುಷ್ಟನ ಅಪ್ಪಣೆಯೂ ನಡೆಯುವಂತಾಯಿತು. ಸ್ಟೆಫಾನ್ ಷಾಝಲಾಸ್ ಎಂಬವರು ಇದನ್ನು ಪತ್ತೆಹಚ್ಚಿದರು. ಸೆಪ್ಟೆಂಬರ್ 24ರಂದು ಸುದ್ದಿ ಪ್ರಕಟವಾಯಿತು. ‘ಶೆಲ್‌ಶಾಕ್’ ಎಂದು ಜಗತ್ತು ಅದನ್ನು ಕರೆಯಿತು. ಬೆನ್ನಿಗೇ ದಾಳಿಗಳು ಮೊದಲಾದುವು. ಮೊದಲ ತೇಪೆ ಸಾಲದೆ ಮತ್ತೆ ಮತ್ತೆ ತೇಪೆ ಹಾಕಬೇಕಾಯಿತು.

ಇಂದಿನ ಬ್ಯಾಷ್ ಆ ಬಗೆಯ ಕಾರ್ಯಸೂಚಿಯನ್ನು ಪ್ರತ್ಯೇಕವಾದ ಹೆಸರಿನ ಚೀಟಿಗಳಲ್ಲಿ ಮಾತ್ರ ಹುಡುಕುತ್ತದೆ. ಮೇಲಧಿಕಾರ ಕೊಡುವ ‘ಸುಡೊ’ ಪ್ರೋಗ್ರಾಮು, ಸಾಮಾನ್ಯವಾಗಿ ಬಂದ ಗಂಟನ್ನು ಬಿಚ್ಚಿ ಅಗತ್ಯವಾದುವನ್ನಷ್ಟೇ ಉಳಿಸಿ ಮುಂದಕ್ಕೆ ಕಳುಹಿಸುತ್ತದೆ. ಮನೆಯ ಯಂತ್ರದಲ್ಲಿಯೂ ಇದೇ ನೀತಿ ಸಲ್ಲುತ್ತದೆ. ‘ಪಾತ್’ ಚೀಟಿಯಲ್ಲಿ ಅಪರಿಚಿತ ನೆಲೆಗಳನ್ನು ಸೇರಿಸಬಾರದು. ಗುಟ್ಟಿನ ಪದಗಳನ್ನು ಗಂಟಿನಲ್ಲಿ ಕಟ್ಟಿದರೆ, ಅಲ್ಲಿಂದ ಹುಟ್ಟುವ ಪ್ರತಿಯೊಂದು ಪ್ರೋಗ್ರಾಮಿನ ಕೈಗೂ ಅದು ಸೇರೀತೆಂಬ ಎಚ್ಚರವಿರಬೇಕು. ಪಯಣಕ್ಕೆ ಬೇಕಾದಷ್ಟನ್ನೇ ಕಟ್ಟುವ ತಾಯಿಯ ಜಾಣ್ಮೆ ಇಲ್ಲಿಯೂ ಮೇಲ್ಪಂಕ್ತಿಯಾಗತಕ್ಕದ್ದು.