ಆಜ್ಞಾಪಂಕ್ತಿಯ ಅಭ್ಯಾಸ

ಮಾನವ ಮೆದುಳಿನ ವಿದ್ಯುತ್ತರಂಗಗಳನ್ನು ಜರ್ಮನಿಯ ಯೇನಾ ನಗರದಲ್ಲಿ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲು ದಾಖಲಿಸಿದಾಗ, ಆ ರೇಖೆಗಳನ್ನು ಕಣ್ಣಿನಿಂದಲೇ ಓದಬೇಕಾಗಿತ್ತು. ಇಂದು 64 ವಿದ್ಯುದ್ವಾರಗಳಿಂದ ಸೆಕೆಂಡಿಗೆ 500 ಸಲ ಅಳೆದರೆ ಗಂಟೆಯೊಂದಕ್ಕೆ 11 ಕೋಟಿ 52 ಲಕ್ಷ ಅಂಕೆಗಳು ರಾಶಿಬೀಳುತ್ತವೆ. ಇವನ್ನು ತೆರೆಯ ಮೇಲಣ ಗುಂಡಿಗಳನ್ನೊತ್ತಿಯೇ ಸಂಸ್ಕರಿಸುವ ಸಂಶೋಧಕನು, ಇಪ್ಪತ್ತನೆಯ ಕಡತಕ್ಕೆ ಬರುವಷ್ಟರಲ್ಲಿ ಮೊದಲನೆಯದಕ್ಕೆ ಮಾಡಿದ್ದೇನೆಂಬುದನ್ನು ಮರೆತಿರುತ್ತಾನೆ. ಆದಕಾರಣ ಆಜ್ಞಾಪಂಕ್ತಿಯನ್ನು ಮೊದಲು ಕಲಿಯುವುದೇ ಯುಕ್ತ. ಯೂನಿಕ್ಸಿನ ‘ಎಲ್‌ಎಸ್’, ‘ಸಿಡಿ’, ‘ಗ್ರೆಪ್’ ಮೊದಲಾದ ಆಜ್ಞೆಗಳು ವ್ಯಾಕರಣಸೂತ್ರಗಳಂತೆ ಅಲ್ಪಾಕ್ಷರಗಳು. ಬರೆದಿಟ್ಟ ಆಜ್ಞೆಗಳು ನೂರು ಕಡತಗಳಿಗೂ ಒಂದೇ ಸಂಸ್ಕಾರವನ್ನು ಕೊಡುತ್ತವೆ. ಪರರೂ ಅವನ್ನು ಪರೀಕ್ಷಿಸಬಹುದು. ಮೊದಮೊದಲು ಶುಷ್ಕವೆನಿಸುವುದು ನಿಜ. (ಅಮರಕೋಶವೂ ಬಾಲಕರಿಗೆ ಹಾಗೆಯೇ ಅಲ್ಲವೆ?) ಎಚ್ಚರವೂ ಬೇಕು: ‘ಆರ್‌ಎಂ’ ಎಂಬ ಆಜ್ಞೆ ಸಾಮಾನ್ಯವಾಗಿ ಕೇಳದೆಯೇ ಅಳಿಸಿಬಿಡುತ್ತದೆ; ರೋಗಿಯ ಮೆದುಳಾದರೋ ಕಳೆದ ಆ ಕ್ಷಣವನ್ನು ಮತ್ತೆ ಬರೆದುಕೊಡದು. ಮೂಲ ದಾಖಲೆಯ ಪ್ರತಿಯನ್ನು ಬೇರೆಡೆ ಇರಿಸಿಯೇ ಪಾಠವನ್ನಾರಂಭಿಸತಕ್ಕದ್ದು.