ಎರಡು ಬಣ್ಣಗಳ ವಿಚಾರ

ಮುಪ್ಪಿನ ತಾಯಿಯವರು ಮಲಗುವ ಕೋಣೆಗೆ ಕೆನೆಬಣ್ಣವನ್ನು ಬಳಿಸುವುದೋ, ಅಂಗಡಿಯವರು ಪೀಚ್ ಎನ್ನುವ ನಸುಗೆಂಪನ್ನೋ ಎಂದು ಸೋದರಿಯೊಬ್ಬರು ನಮ್ಮನ್ನು ಕೇಳಿದ್ದಾರೆ. ಮಾದರಿಯ ಚೀಟಿಯಲ್ಲಿ ಎರಡೂ ಒಂದೇ ತೆರನಾಗಿ ತೋರುವುದುಂಟು. ಒಂದರಲ್ಲಿ ಹಳದಿಯ ಸೋಂಕು, ಇನ್ನೊಂದರಲ್ಲಿ ಕೆಂಪಿನ ಸೋಂಕು, ಭೇದವು ಇಷ್ಟೆ. ಹಿಂದೆ ಸುಣ್ಣಕ್ಕೆ ಹಳದಿ ಮಣ್ಣನ್ನೋ ಕಾವಿಯನ್ನೋ ಬೆರೆಸಿ ಇಂತಹ ಛಾಯೆಗಳನ್ನು ಪಡೆಯುತ್ತಿದ್ದರು. ಆ ಎರಡು ಮಣ್ಣಿಗೂ ಬಣ್ಣ ಕೊಡುವುದು ಕಬ್ಬಿಣವೇ. ಹಳದಿ ಮಣ್ಣನ್ನು ಸುಟ್ಟರೆ ಅದರೊಳಗಿನ ನೀರು ಹೋಗಿ ಅದೇ ಕೆಂಪಾಗುತ್ತದೆ. ಸಂಸ್ಕೃತದಲ್ಲಿ ಗೈರಿಕವೆಂಬುದು ಈ ಕೆಂಪೇ.

ಒಡಹುಟ್ಟಿದವುಗಳಾದರೂ ಗೋಡೆಯನ್ನೇರಿದ ಮೇಲೆ ಇವುಗಳ ನಡತೆ ಬೇರೆ. ಗೋಡೆಗಳು ಒಂದರ ಬೆಳಕನ್ನೊಂದು ಮರಳಿಸುವುದರಿಂದ ಚೀಟಿಯಲ್ಲಿ ಸೋಂಕಾಗಿದ್ದುದು ಕೋಣೆಯಲ್ಲಿ ಗಾಢವಾಗುತ್ತದೆ. ಬಡಗಣ ಕಿಟಕಿಯ ತಣ್ಣನೆಯ ಬೆಳಕಿಗೆ ಪೀಚ್ ಒಪ್ಪುವುದೇನೋ ದಿಟ. ಆದರೆ ಸೋದರಿಯವರ ಮನೆಯದು ಕೆಂಪು ಗಾರೆಯ ನೆಲವಂತೆ. ಅದರ ಕೆಂಪೂ ಗೋಡೆಗೆ ಏರಿದರೆ ಅತಿಯಾದೀತು. ಮೇಲಾಗಿ ವೃದ್ಧರ ಕಣ್ಣಿಗೆ ಬೆಳಕು ಹೆಚ್ಚು ಬೇಕು. ತಿಳಿಯಾದ ಕೆನೆಬಣ್ಣವು ಬೆಳಕನ್ನು ಹೆಚ್ಚಾಗಿ ಮರಳಿಸುವುದರಿಂದ ನಮ್ಮ ಒಲವು ಅದರ ಕಡೆಗೇ.

ಹಾಗೆಂದು ಇಂದೇ ಡಬ್ಬಿಗಳನ್ನು ಕೊಳ್ಳುವುದು ಬೇಡ. ಎರಡು ದೊಡ್ಡ ರಟ್ಟುಗಳಿಗೆ ಎರಡೆರಡು ಸಲ ಬಳಿದು, ಚೆನ್ನಾಗಿ ಒಣಗಿದ ಮೇಲೆ ಮಂಚದ ಎದುರು ನಿಲ್ಲಿಸಿರಿ. ಬೆಳಿಗ್ಗೆಯೂ ರಾತ್ರಿ ದೀಪದಲ್ಲಿಯೂ ನೋಡಿರಿ. ದಿನವಿಡೀ ಆ ಗೋಡೆಯನ್ನು ನೋಡುತ್ತಿರಬೇಕಾದವರು ತಾಯಿಯವರು. ಅವರನ್ನು ಕೇಳಿದಂತೆ ಕಾಗದದಲ್ಲಿ ಎಲ್ಲಿಯೂ ಕಾಣಲಿಲ್ಲ.