ಮಾಲೀಕರಾದ ಮೇಲೆ ನಾವು ಮರೆತದ್ದು

ಮದುವೆ ಮನೆಯಲ್ಲಾಗಲಿ, ಮಸೀದಿಯ ಹೊರಗಾಗಲಿ, ನಾಲ್ಕು ಕಾಸು ಕೂಡಿಟ್ಟವನಿಗೆ ಸಿಗುವ ಉಪದೇಶ ಒಂದೇ: ‘ಒಂದು ಸೈಟು ತಗೊಂಡು ಮೂರು ಮನೆ ಎಬ್ಬಿಸಿಬಿಡಿ ಭಾಯ್. ತಿಂಗಳು ತಿಂಗಳು ಬಾಡಿಗೆ ಬರ್ತದೆ. ಕೂತು ಉಣ್ಣಬಹುದು.’ ಗಲ್ಫಿನಿಂದ ಮರಳಿದವನಿಗೂ ಇದೇ ಮದ್ದು, ನಿವೃತ್ತ ಮೇಷ್ಟರಿಗೂ ಇದೇ ಮದ್ದು. ನಮ್ಮವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ‘ಬ್ಯಾಂಕಿನ ಬಡ್ಡಿ ಹರಾಮು, ಬಾಡಿಗೆ ಹಲಾಲು.’

ಬಾಡಿಗೆ ಹಲಾಲು ಎನ್ನುವುದರಲ್ಲಿ ತಕರಾರಿಲ್ಲ. ಆದರೆ ಲೆಕ್ಕವನ್ನೂ ಸ್ವಲ್ಪ ನೋಡೋಣ. ಬೆಂಗಳೂರಿನಲ್ಲಿ 60 ಲಕ್ಷದ ಮನೆಯೊಂದಕ್ಕೆ ತಿಂಗಳಿಗೆ 18 ಸಾವಿರ ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,16,000. ಹೂಡಿದ್ದರ ಮೇಲೆ ನೂರಕ್ಕೆ 3.6. ಮನೆ ಕಂದಾಯ, ಸುಣ್ಣಬಣ್ಣ, ಕೊಳಾಯಿ ರಿಪೇರಿ, ಖಾಲಿ ಬಿದ್ದ ತಿಂಗಳು ಎಲ್ಲ ಕಳೆದರೆ ಮೂರು ಉಳಿದರೆ ಹೆಚ್ಚು. ಇನ್ನು 50 ಲಕ್ಷ ಸಾಲ ಮಾಡಿ ಕೊಂಡಿದ್ದರೆ, ನೂರಕ್ಕೆ 8.5ರ ಬಡ್ಡಿಯಲ್ಲಿ 20 ವರ್ಷ ತಿಂಗಳಿಗೆ 43 ಸಾವಿರ ಚಿಲ್ಲರೆ ಕಂತು. ಹದಿನೆಂಟು ಬಂದು ನಲವತ್ತಮೂರು ಹೋಗುವ ಈ ವ್ಯಾಪಾರಕ್ಕೆ ಕೂತು ಉಣ್ಣುವುದು ಎಂದು ಹೆಸರು! ಬಡ್ಡಿಯ ಪಾಪಕ್ಕೆ ಹೆದರಿ ಬಾಡಿಗೆ ಹಿಡಿದವನು ಮುಕ್ಕಾಲು ಪಾಲು ಬಡ್ಡಿ ಸಾಲದಲ್ಲೇ ಗೋಡೆ ಎಬ್ಬಿಸಿರುತ್ತಾನೆ. ಕೇಳಿದರೆ, ‘ಜಾಗದ ರೇಟು ಏರ್ತದಲ್ಲ’ ಎನ್ನುತ್ತಾನೆ. ಏರಬಹುದು, ಏರದೆಯೂ ಇರಬಹುದು. 2020ರ ಲಾಕ್‌ಡೌನಿನಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹಳ್ಳಿಗೆ ಹೋದಾಗ ಟು ಲೆಟ್ ಬೋರ್ಡುಗಳು ಮಳೆಯಲ್ಲಿ ನೆನೆಯುತ್ತಾ ನೇತಾಡಿದ್ದನ್ನು ನಾವೇ ಕಂಡಿದ್ದೇವೆ.

ಇನ್ನು ಕೆಲವರು ಬಾಡಿಗೆಯ ಗೋಜೇ ಬೇಡವೆಂದು ಮನೆಯನ್ನು ಭೋಗ್ಯಕ್ಕೆ ಹಾಕುತ್ತಾರೆ. ನಗರದಲ್ಲಿ ಇದಕ್ಕೆ ಲೀಸ್ ಎಂಬ ಮರ್ಯಾದೆಯ ಹೆಸರಿದೆ. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಇಸಿದುಕೊಂಡು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವುದು, ಅವಧಿ ಮುಗಿದಾಗ ಹಣ ಪೂರ್ತಿ ಹಿಂದಿರುಗಿಸುವುದು. ಹಣ ಕೊಟ್ಟವನು ಬಡ್ಡಿಯ ಬದಲು ಮನೆ ಉಣ್ಣುತ್ತಾನೆ, ಅಷ್ಟೇ. ಸಾಲದ ಮೇಲೆ ಪಡೆಯುವ ಇಂಥ ಲಾಭ ಬಡ್ಡಿಯೇ ಎಂದು ಅನೇಕ ಉಲೇಮಾಗಳು ಹೇಳಿದ್ದಾರೆ. ಆದರೂ ನಮ್ಮ ಮೊಹಲ್ಲಾಗಳಲ್ಲೇ ಇದು ನಿರಾತಂಕವಾಗಿ ನಡೆದಿದೆ. ಮಾಲೀಕ ಆ ಹಣವನ್ನು ಎಲ್ಲೋ ತೊಡಗಿಸಿ ಕಳೆದುಕೊಂಡರೆ, ಅಥವಾ ಅವನ ಸಾಲಕ್ಕೆ ಬ್ಯಾಂಕು ಮನೆ ಹರಾಜು ಹಾಕಿದರೆ, ಬೀದಿಗೆ ಬೀಳುವವನು ಜೀವಮಾನದ ಉಳಿತಾಯ ಸುರಿದ ಬಾಡಿಗೆದಾರ.

ಆದರೆ ನನ್ನ ನಿಜವಾದ ತಕರಾರು ಬೇರೆಯೇ ಇದೆ.

2008ರಲ್ಲಿ ಹೊಸದಾಗಿ ಮದುವೆಯಾಗಿ ಬೆಂಗಳೂರಿಗೆ ಬಂದೆ. ಐದು ವಾರ ಮನೆ ಹುಡುಕಿದೆ. ಫೋನಿನಲ್ಲಿ ನನ್ನ ಕನ್ನಡ ಕೇಳಿ ‘ಬನ್ನಿ ಸಾರ್, ನೋಡಿ’ ಎಂದವರು, ಹೆಸರು ಕೇಳಿದ ಮೇಲೆ ‘ಅಯ್ಯೋ, ನಮ್ಮ ಭಾವನ ಮಗ ಬರ್ತಿದಾನಂತೆ’ ಎಂದರು. ಒಬ್ಬ ಹಿರಿಯರು ಮಾತ್ರ ಪ್ರಾಮಾಣಿಕವಾಗಿ, ‘ಮೊದಲೇ ಹೇಳಬಾರದಿತ್ತೇನಪ್ಪ?’ ಎಂದರು. ಇಷ್ಟವಾದ ಬಡಾವಣೆಯಲ್ಲಿ ಮುಸ್ಲಿಮರಿಗೆ ಮನೆ ಸಿಗುವುದು ಕಷ್ಟವೆಂಬುದು 2006ರ ಸಾಚಾರ್ ಸಮಿತಿಯ ವರದಿಯಲ್ಲೂ ದಾಖಲಾಗಿದೆ. ಅದು ನನಗೆ ಹೊಸ ಗಾಯವಲ್ಲ.

ಹೊಸ ಗಾಯ ಆದದ್ದು ನಮ್ಮವರ ನಡುವೆ. ಕೊನೆಗೆ ಮೊಹಲ್ಲಾದಲ್ಲೇ ಎರಡು ಕೋಣೆಯ ಮನೆ ಸಿಕ್ಕಿತು. ಗಾಳಿಯಿಲ್ಲ, ನೀರು ದಿನ ಬಿಟ್ಟು ದಿನ, ಗೋಡೆಗೆ ತೇವ. ಬಾಡಿಗೆ ಮಾತ್ರ ನಾನು ಹೊರಗೆ ನೋಡಿದ ಒಳ್ಳೆಯ ಮನೆಗಿಂತ ಹೆಚ್ಚು, ಅಡ್ವಾನ್ಸು ಹತ್ತು ತಿಂಗಳದು. ಸ್ವಲ್ಪ ಕಡಿಮೆ ಮಾಡಿ ಚಾಚಾ ಎಂದೆ. ಐದು ಹೊತ್ತಿನ ನಮಾಝಿ ಮಾಲೀಕರು ನಗುತ್ತಲೇ ಹೇಳಿದರು: ‘ಹೊರಗೆ ಎಲ್ಲಿ ಸಿಗ್ತದೆ ಬೇಟಾ ನಿನಗೆ?’

ಪರರು ಮುಚ್ಚಿದ ಬಾಗಿಲಿಗೆ ನಮ್ಮವರು ಬೆಲೆ ಕಟ್ಟಿದ್ದರು. ಬೇರೆಯವರ ತಾರತಮ್ಯವೇ ಇವರ ಬಂಡವಾಳ. ಮನೆ ಬಿಡುವಾಗ ಬಣ್ಣದ ಲೆಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಉಳಿದದ್ದನ್ನು ನಾಲ್ಕು ಕಂತಿನಲ್ಲಿ ಕೊಟ್ಟರು. ಆ ಗೋಡೆ ಬಣ್ಣ ಕಂಡಿತೋ ಇಲ್ಲವೋ ಅಲ್ಲಾಹನೇ ಬಲ್ಲ.

ಬಾಡಿಗೆ ಹಲಾಲು ಎನ್ನುವವರು ಇಜಾರಾದ ನಿಯಮವನ್ನೂ ಓದಬೇಕಲ್ಲವೇ? ಮನೆಯನ್ನು ವಾಸಯೋಗ್ಯವಾಗಿ ಇಡುವ ಹೊಣೆ ಮಾಲೀಕನದು. ಬಾಡಿಗೆ ಆ ಉಪಯೋಗಕ್ಕೆ ಕೊಡುವ ಬೆಲೆ, ಇನ್ನೊಬ್ಬನ ನಿರುಪಾಯಕ್ಕೆ ವಿಧಿಸುವ ದಂಡವಲ್ಲ. ಸೋರುವ ಸೂರು, ಬಾರದ ನೀರಿಗೆ ಪೂರ್ತಿ ಬಾಡಿಗೆ ಎಣಿಸಿಕೊಳ್ಳುವವನು ಹಲಾಲಿನ ಅರ್ಧ ಪಾಠವನ್ನಷ್ಟೇ ಕಲಿತಿದ್ದಾನೆ.

ಬಾಡಿಗೆದಾರರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಕೊಡದೆ, ಮನೆಯೂ ಬಿಡದೆ ಕೋರ್ಟು ಹತ್ತಿಸುವವರಿದ್ದಾರೆ. ಗಂಡನಿಲ್ಲದ ಹೆಣ್ಣುಮಗಳೊಬ್ಬಳು ಮುಂದಿನ ಕೋಣೆಯ ಬಾಡಿಗೆಯಲ್ಲೇ ಮಕ್ಕಳನ್ನು ಓದಿಸುವುದೂ ಉಂಟು. ಆಕೆಯ ಬಗ್ಗೆ ಈ ಮಾತಲ್ಲ. ಅಂಥವರ ರಕ್ಷಣೆಗೆ ಸರಿಯಾದ ಕರಾರು ಪತ್ರ ಬೇಕು, ರಸೀದಿ ಬೇಕು. ನೋಂದಣಿ ತಪ್ಪಿಸಲೆಂದು ಮಾಡಿದ ಹನ್ನೊಂದು ತಿಂಗಳ ಕಾಗದ, ಬಾಯಿಮಾತಿನ ಅಡ್ವಾನ್ಸು ಯಾರನ್ನೂ ಕಾಯುವುದಿಲ್ಲ.

ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡವೆಂದಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಆದರೆ ನ್ಯಾಯವಾಗಿ ನಡೆಯುವುದಕ್ಕೆ ಸರ್ಕಾರದ ಅಪ್ಪಣೆಗಾಗಿ ಕಾಯಬೇಕೇ? ಜುಮಾ ದಿನ ನಮಗೆ ಬಾಗಿಲು ಮುಚ್ಚಿದವರ ಬಗ್ಗೆ ಬೇಕಾದಷ್ಟು ಮಾತಾಡುತ್ತೇವೆ, ಮಾತಾಡಲೇಬೇಕು. ಅದೇ ಕಟ್ಟೆಯ ಮೇಲೆ ಕೂತು, ನಮ್ಮ ಓಣಿಯ ಮನೆಗಳ ಅಡ್ವಾನ್ಸು ಎಷ್ಟು, ಬಿಟ್ಟುಹೋದವರಿಗೆ ಅದು ಯಾವಾಗ ಕೈಸೇರಿತು ಎಂದೂ ಒಂದು ದಿನ ಕೇಳೋಣ. ಮನೆ ಕಟ್ಟಿಸಿ ಎಂದು ಉಪದೇಶ ಮಾಡುವ ಹಿರಿಯರೇ ಮೊದಲು ಉತ್ತರ ಹೇಳಲಿ.